ಆರು ಬಾಟಲಿಗಳ ಸುಗಂಧ ತೈಲದ ಪೆಟ್ಟಿಗೆ: ಮೈಯೊಳಗೆ ಹೋಗುವುದೆಷ್ಟು, ಚೀಟಿ ಹೇಳುವುದೆಷ್ಟು

ಆಷಾಢದ ಮಳೆ ಹಿಡಿದ ದಿನಗಳಲ್ಲಿ ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಅಣ್ಣನಿಗೆ ಮೊಣಕಾಲು ನೋವು ಹೆಚ್ಚಾಯಿತು. ಖಡೇಬಜಾರದ ಕಡೆಗೆ ಸಂತೆಗೆಂದು ಹೋಗಿದ್ದ ವೈನಿಯವರು ಅಲ್ಲಿಯ ಗಿಡಮೂಲಿಕೆ ಅಂಗಡಿಯೊಂದರಿಂದ 850 ರೂಪಾಯಿ ಕೊಟ್ಟು ಆರು ಸುಗಂಧ ತೈಲಗಳ ಪೆಟ್ಟಿಗೆಯೊಂದನ್ನು ತಂದರು. ಲ್ಯಾವೆಂಡರ್, ನೀಲಗಿರಿ, ಪುದೀನಾ, ಲವಂಗ, ಶ್ರೀಗಂಧ ಮತ್ತು ವಿಂಟರ್‌ಗ್ರೀನ್ ಎಂದು ಬರೆದ ಹತ್ತು ಹತ್ತು ಮಿಲಿಲೀಟರಿನ ಕಂದು ಗಾಜಿನ ಬಾಟಲಿಗಳು, ಜೊತೆಗೆ ನಾಲ್ಕು ಮಡಿಕೆಯ ಒಂದು ಚೀಟಿ. ಪೆಟ್ಟಿಗೆ ಮಾಡಿದ ಕಂಪನಿಯ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದೇ ಬಗೆಯ ಚೀಟಿ ಇರುವ ಪೆಟ್ಟಿಗೆಗಳು ಹಲವು ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುತ್ತಿವೆ, ಮತ್ತು ನನ್ನ ತಕರಾರು ಆ ಚೀಟಿಯ ಬಗ್ಗೆಯೇ ಹೆಚ್ಚು.

ಔಷಧದ ಅಂಗಡಿಯ ಕೌಂಟರಿನ ಹಿಂದೆ 28 ವರ್ಷ ನಿಂತು ಕೆಲಸ ಮಾಡಿದವರಿಗೆ ಯಾವ ಬಾಟಲಿ ಕಂಡರೂ ಮೊದಲು ತಿರುಗಿಸಿ ಹಿಂಭಾಗ ಓದುವ ಅಭ್ಯಾಸ ಇರುತ್ತದೆ. ಆದರೆ ಈ ಪೆಟ್ಟಿಗೆ ಮನೆಗೆ ಬಂದಿದ್ದು ನನಗೆ ಗೊತ್ತಾಗಿದ್ದೇ ತಡವಾಗಿ. ಅಣ್ಣನಿಗೆ ಹೃದಯದ ಕವಾಟ ಬದಲಿಸಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ದಿನವೂ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುತ್ತಾನೆ. ಚೀಟಿಯಲ್ಲಿ ‘ಕೀಲು ನೋವಿಗೆ ವಿಂಟರ್‌ಗ್ರೀನ್ ತೈಲವನ್ನು ಚೆನ್ನಾಗಿ ತಿಕ್ಕಿ, ಬಿಸಿ ಬಟ್ಟೆ ಸುತ್ತಿ ಮಲಗಿರಿ’ ಎಂದಿತ್ತು. ಒಂಬತ್ತು ರಾತ್ರಿ ಎರಡೂ ಮೊಣಕಾಲಿಗೆ ಹಾಗೆಯೇ ಮಾಡಿದರು. ಹತ್ತನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ಬಂದ ರಕ್ತ ಬಹಳ ಹೊತ್ತು ನಿಲ್ಲಲಿಲ್ಲ. ಪರೀಕ್ಷೆ ಮಾಡಿಸಿದಾಗ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ 5.6 ಬಂದಿತ್ತು, ಅವನಿಗೆ ವೈದ್ಯರು ಹಾಕಿಕೊಟ್ಟ ಮಿತಿ 2.5ರಿಂದ 3.5. ಹೊಸದಾಗಿ ಏನು ತೆಗೆದುಕೊಂಡಿರಿ ಎಂದು ವೈದ್ಯರು ಕೇಳಿದ್ದಕ್ಕೆ ಅಣ್ಣ, ‘ಏನೂ ಇಲ್ಲರಿ, ಎಣ್ಣಿ ಅಷ್ಟ ಹಚ್ಚೀನಿ, ಹೊಟ್ಟಿಗೇನ ತಗೊಂಡಿಲ್ಲಲ್ಲ’ ಎಂದ. ವೈದ್ಯರು ಎಣ್ಣೆ ನಿಲ್ಲಿಸಿ, ಗುಳಿಗೆಯ ಪ್ರಮಾಣ ಹೊಂದಿಸಿ, ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದ ಮೇಲೆ ಅಂಕಿ ಇಳಿಯಿತು. ಆ ಸಂಜೆ ನಾನು ಪೆಟ್ಟಿಗೆಯನ್ನು ನಮ್ಮ ಮನೆಗೆ ತಂದೆ. ಆಮೇಲೆ ಮೂರು ವಾರ ಅದನ್ನು ಒಂದೊಂದಾಗಿ ನೋಡಿದ್ದರ ಫಲ ಈ ಬರಹ.

ಅಣ್ಣ ಅಂದದ್ದು ಅವನೊಬ್ಬನ ಮಾತಲ್ಲ. ಹಚ್ಚಿದ್ದು ಹೊರಗೇ ಇರುತ್ತದೆ, ಕುಡಿದದ್ದು ಮಾತ್ರ ಒಳಗೆ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ, ಮತ್ತು ಶೇಂಗಾ ಎಣ್ಣೆ, ಕುಸುಬಿ ಎಣ್ಣೆಯ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಸುಗಂಧ ತೈಲದ ಸಂಗತಿ ಬೇರೆ. ಹೆಸರಿನಲ್ಲಿ ತೈಲ ಎಂದಿದ್ದರೂ ಇದು ಅಡುಗೆಯ ಎಣ್ಣೆಯ ಜಾತಿಗೆ ಸೇರಿದ್ದಲ್ಲ. ಎಲೆ, ಹೂವು, ತೊಗಟೆಗಳನ್ನು ಆವಿಯಲ್ಲಿ ಬಟ್ಟಿ ಇಳಿಸಿ ತೆಗೆದ, ಗಾಳಿಗೆ ಹಾರಿಹೋಗುವ ಸಣ್ಣ ಸಣ್ಣ ಅಣುಗಳ ಮಿಶ್ರಣ ಇದು. ಚರ್ಮದ ಅತಿ ಹೊರಗಿನ ಪದರವನ್ನು ನಮ್ಮ ಕಡೆಯ ಹಂಚಿನ ಮಾಡಿಗೆ ಹೋಲಿಸಬಹುದು. ಸತ್ತ ಕೋಶಗಳು ಹಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ಸಂದಿನಲ್ಲಿ ಕೊಬ್ಬು ತುಂಬಿರುತ್ತದೆ. ಬೆಳಗಾವಿಯ ಜಡಿಮಳೆಯನ್ನು ಹಂಚು ತಡೆಯುವಂತೆ ಈ ಪದರ ನೀರನ್ನು ತಡೆಯುತ್ತದೆ. ಆದರೆ ಕೊಬ್ಬಿನಲ್ಲಿ ಕರಗುವ ಸಣ್ಣ ಅಣುವಿಗೆ ಆ ಸಂದೇ ದಾರಿ. ಚರ್ಮದ ಔಷಧ ತಯಾರಿಸುವವರು ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ: ಅಣುವಿನ ತೂಕ 500 ಡಾಲ್ಟನ್ ದಾಟಿದರೆ ಆರೋಗ್ಯವಂತ ಚರ್ಮದ ಮೂಲಕ ಅದು ಒಳಗೆ ಹೋಗುವುದು ಕಷ್ಟ. ಈ ಪೆಟ್ಟಿಗೆಯ ಬಾಟಲಿಗಳಲ್ಲಿರುವ ಮುಖ್ಯ ವಸ್ತುಗಳನ್ನು ನೋಡಿ. ಲ್ಯಾವೆಂಡರಿನ ಲಿನಲೂಲ್ 154, ಪುದೀನಾದ ಮೆಂಥಾಲ್ 156, ಲವಂಗದ ಯೂಜಿನಾಲ್ 164, ವಿಂಟರ್‌ಗ್ರೀನ್‌ನ ಮೀಥೈಲ್ ಸ್ಯಾಲಿಸಿಲೇಟ್ 152, ಶ್ರೀಗಂಧದ ಸ್ಯಾಂಟಲಾಲ್ ಕೂಡ 220 ಮಾತ್ರ. ಯಾವುದೂ ಆ ಗಡಿಯ ಅರ್ಧಕ್ಕೂ ಬರುವುದಿಲ್ಲ.

ಹಾಗೆಂದು ಹಚ್ಚಿದ್ದೆಲ್ಲ ಒಳಗೆ ಹೋಗುತ್ತದೆ ಎಂದೂ ಅಲ್ಲ. ತೆರೆದ ಚರ್ಮದ ಮೇಲೆ ಹಚ್ಚಿದ ತೈಲದ ದೊಡ್ಡ ಪಾಲು ಒಳಗಿಳಿಯುವ ಮೊದಲೇ ಗಾಳಿಗೆ ಹಾರಿಹೋಗುತ್ತದೆ. ಕೋಣೆಯೆಲ್ಲ ಘಮಘಮ ಎನ್ನುವುದು ಆ ಪಾಲಿನಿಂದಲೇ. ಮೇಲೆ ಬಟ್ಟೆ ಸುತ್ತಿದರೆ ಹಾರುವ ದಾರಿ ಕಟ್ಟುತ್ತದೆ. ಬಿಸಿ ಕೊಟ್ಟರೆ ಚರ್ಮದ ಕೆಳಗಿನ ರಕ್ತದ ಓಡಾಟ ಹೆಚ್ಚಾಗಿ ಒಳಗಿಳಿದದ್ದು ಬೇಗ ಸಾಗಿಹೋಗುತ್ತದೆ. ಚರ್ಮ ಬಿರಿದಿದ್ದರೆ, ಗಾಯವಿದ್ದರೆ, ಗಜಕರ್ಣದಂಥದ್ದು ಇದ್ದರೆ ತಡೆಯೇ ಇರುವುದಿಲ್ಲ. ಅಂದರೆ ‘ತಿಕ್ಕಿ, ಬಿಸಿ ಬಟ್ಟೆ ಸುತ್ತಿ’ ಎಂದು ಚೀಟಿ ಹೇಳಿದ್ದು ತೈಲವನ್ನು ಅತಿ ಹೆಚ್ಚು ಒಳಗೆ ಕಳಿಸುವ ವಿಧಾನವನ್ನೇ. ವಿಂಟರ್‌ಗ್ರೀನ್ ತೈಲದಲ್ಲಿ ನೂರಕ್ಕೆ 98 ಪಾಲು ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಅದು ಚರ್ಮದಲ್ಲಿ ಮತ್ತು ರಕ್ತದಲ್ಲಿ ಒಡೆದು ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ, ಅಂದರೆ ಆಸ್ಪಿರಿನ್ ಕೂಡ ಮೈಯೊಳಗೆ ಏನಾಗುತ್ತದೋ ಅದೇ. ಒಂದು ಚಹಾ ಚಮಚೆ, ಅಂದರೆ 5 ಮಿಲಿಲೀಟರ್ ಶುದ್ಧ ತೈಲದಲ್ಲಿರುವ ಸ್ಯಾಲಿಸಿಲೇಟ್ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. 325 ಮಿಲಿಗ್ರಾಂ ಗುಳಿಗೆಯ ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು. ನುಂಗಿದ ಮಗುವಿನ ಜೀವಕ್ಕೆ ಆ ಒಂದು ಚಮಚೆ ಸಾಕು. ಹಚ್ಚಿದಾಗ ಅಷ್ಟು ಒಳಗೆ ಹೋಗುವುದಿಲ್ಲ, ಆದರೆ ವಾರ್ಫರಿನ್ ತೆಗೆದುಕೊಳ್ಳುವವರ ರಕ್ತ ಅತಿಯಾಗಿ ತೆಳುವಾಗಲು ಬೇಕಾದಷ್ಟು ಹೋಗುತ್ತದೆ ಎಂಬುದು ವೈದ್ಯರಿಗೆ ಗೊತ್ತಿರುವ ಹಳೆಯ ಸಂಗತಿ. ಪೇಟೆಯ ನೋವಿನ ಮುಲಾಮುಗಳಲ್ಲಿಯೂ ಇದೇ ವಸ್ತು ಇರುತ್ತದೆ, ಆದರೆ ಅಲ್ಲಿ ಟ್ಯೂಬಿನ ಮೇಲೆ ಶೇಕಡಾ ಎಷ್ಟು ಎಂದು ಅಚ್ಚಾಗಿರುತ್ತದೆ. ಈ ಬಾಟಲಿಯ ಮೇಲೆ ಇದ್ದದ್ದು ‘ನೂರಕ್ಕೆ ನೂರು ನೈಸರ್ಗಿಕ, ಅಡ್ಡ ಪರಿಣಾಮವಿಲ್ಲ’ ಎಂಬ ಎರಡು ಮಾತು ಮಾತ್ರ.

ನನಗೆ ಸಿಟ್ಟು ಬಂದಿದ್ದು ಇಲ್ಲಿಯೇ. ಅದೇ ಚೀಟಿಯ ಮೊದಲ ಮಡಿಕೆಯಲ್ಲಿ ‘ನಮ್ಮ ತೈಲಗಳು ಚರ್ಮದ ಆಳಕ್ಕೆ ಇಳಿದು ರಕ್ತದಲ್ಲಿ ಬೆರೆತು ಕೆಲಸ ಮಾಡುತ್ತವೆ’ ಎಂದು ಹೆಮ್ಮೆಯಿಂದ ಬರೆದಿದ್ದಾರೆ. ರಕ್ತದಲ್ಲಿ ಬೆರೆಯುವುದು ನಿಜವಾದರೆ ಅದಕ್ಕೆ ಅಳತೆ ಬೇಕು, ಯಾರಿಗೆ ಬೇಡ ಎಂಬ ಸೂಚನೆ ಬೇಕು, ಬೇರೆ ಗುಳಿಗೆಯ ಜೊತೆ ಏನಾಗುತ್ತದೆ ಎಂಬ ಮಾತು ಬೇಕು. ಗುಣ ಹೇಳುವಾಗ ಔಷಧ, ಎಚ್ಚರಿಕೆ ಹೇಳುವಾಗ ಬರೀ ಸುವಾಸನೆ ಎಂದರೆ ನಡೆಯುವುದಿಲ್ಲ.

ಲ್ಯಾವೆಂಡರಿನ ಬಾಟಲಿಯನ್ನು ನಾನು ಹೆಚ್ಚು ಹೊತ್ತು ನೋಡಿದೆ, ಏಕೆಂದರೆ ಸುಗಂಧ ತೈಲ ಚರ್ಮದಿಂದ ರಕ್ತಕ್ಕೆ ಹೋಗುವುದನ್ನು ಅಳೆದು ತೋರಿಸಿದ ಪ್ರಸಿದ್ಧ ಪ್ರಯೋಗ ಇದರ ಮೇಲೆಯೇ ನಡೆದದ್ದು. 1992ರಲ್ಲಿ ವಿಯೆನ್ನಾದ ಸಂಶೋಧಕರು ಒಂದೂವರೆ ಗ್ರಾಂ ಶೇಂಗಾ ಎಣ್ಣೆಗೆ ಶೇಕಡಾ 2ರಂತೆ ಲ್ಯಾವೆಂಡರ್ ಬೆರೆಸಿ ಒಬ್ಬ ಪುರುಷನ ಹೊಟ್ಟೆಯ ಮೇಲೆ ಹತ್ತು ನಿಮಿಷ ತಿಕ್ಕಿದರು. ತಿಕ್ಕುವುದು ಮುಗಿದ ಐದು ನಿಮಿಷದಲ್ಲಿ ಲಿನಲೂಲ್ ರಕ್ತದಲ್ಲಿ ಕಂಡಿತು, ಸುಮಾರು 20 ನಿಮಿಷಕ್ಕೆ ಏರಿಕೆಯ ತುದಿ ಮುಟ್ಟಿತು, ಒಂದೂವರೆ ತಾಸಿನೊಳಗೆ ಬಹುಮಟ್ಟಿಗೆ ಇಳಿದುಹೋಯಿತು. (ನಮ್ಮ ಅಡುಗೆಮನೆಯ ಶೇಂಗಾ ಎಣ್ಣೆಯೇ ವಿಯೆನ್ನಾದ ಪ್ರಯೋಗಾಲಯದಲ್ಲಿ ಕಂಡದ್ದು ನನಗೆ ಸಂತೋಷವನ್ನೇ ಕೊಟ್ಟಿತು.) ಆದರೆ ತುದಿಯ ಆ ಅಳತೆ ಒಂದು ಮಿಲಿಲೀಟರ್ ರಕ್ತಕ್ಕೆ ಸುಮಾರು 100 ನ್ಯಾನೋಗ್ರಾಂ ಮಾತ್ರ, ಒಂದು ಗ್ರಾಂನ ನೂರು ಕೋಟಿಯ ಒಂದು ಪಾಲಿಗೆ ಒಂದು ನ್ಯಾನೋಗ್ರಾಂ ಎನ್ನುತ್ತಾರೆ. ಲ್ಯಾವೆಂಡರ್ ಮೈಯೊಳಗೆ ಹೋಗುತ್ತದೆ ಎಂಬುದಕ್ಕೆ ಇದು ಸಾಕ್ಷಿ, ರಾತ್ರಿಯಿಡೀ ನಿದ್ದೆ ಹಿಡಿದಿಡುತ್ತದೆ ಎಂಬುದಕ್ಕಲ್ಲ. ಹತ್ತು ಗಂಟೆಗೆ ಹಚ್ಚಿದ್ದು ಹನ್ನೊಂದೂವರೆಗೆ ರಕ್ತದಿಂದ ಬಹುಪಾಲು ಹೊರಟುಹೋಗಿರುತ್ತದೆ.

ಹಾಗಾದರೆ ಲ್ಯಾವೆಂಡರ್ ಮೂಸಿದಾಗ ಮನಸ್ಸು ತಿಳಿಯಾಗುವುದು ಸುಳ್ಳೇ ಎಂದು ಕೇಳಿದರೆ, ಸುಳ್ಳಲ್ಲ. ಅದಕ್ಕೆ ರಕ್ತದ ದಾರಿ ಬೇಕಾಗಿಯೇ ಇಲ್ಲ. ಮೂಗಿನ ಮೇಲ್ತುದಿಯಲ್ಲಿ ವಾಸನೆಯನ್ನು ಹಿಡಿಯುವ ಗ್ರಾಹಕಗಳಿವೆ. ಅವುಗಳನ್ನು ರೂಪಿಸುವ ವಂಶವಾಹಿಗಳ ದೊಡ್ಡ ಕುಟುಂಬವನ್ನೇ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. ಅವರಿಗೆ 2004ರಲ್ಲಿ ನೊಬೆಲ್ ಬಂತು. ಕಣ್ಣು, ಕಿವಿಯ ಸಂದೇಶಗಳು ಮಿದುಳಿನೊಳಗಿನ ಥಲಾಮಸ್ ಎಂಬ ನಾಕಾ ದಾಟಿಯೇ ಮುಂದೆ ಹೋಗಬೇಕು, ವಾಸನೆಗೆ ಮಾತ್ರ ಭಾವನೆ ಮತ್ತು ನೆನಪಿನ ಭಾಗಗಳಿಗೆ ಹತ್ತಿರದ ನೇರ ದಾರಿ ಇದೆ. ಹೀಗಾಗಿ ಒಂದು ಹನಿಯ ಕಂಪು ಒಬ್ಬರಿಗೆ ನೆಮ್ಮದಿ ತಂದರೆ, ಅದೇ ಕಂಪು ಇನ್ನೊಬ್ಬರಿಗೆ ಆಸ್ಪತ್ರೆಯ ನೆನಪು ತರಬಹುದು. ನಮ್ಮ ವೈನಿಯವರಿಗೆ ಈ ಲ್ಯಾವೆಂಡರ್ ಹಿಡಿಸಲೇ ಇಲ್ಲ. ಅವರ ಜೀವಕ್ಕೆ ತಂಪು ತರುವುದು ಮುಡಿಯಲ್ಲಿಟ್ಟ ದವನ. ದಿಂಬಿನ ಪಕ್ಕ ಕರವಸ್ತ್ರಕ್ಕೆ ಒಂದು ಹನಿ ಹಾಕಿ ನಾನು ಒಂದು ವಾರ ಮಲಗಿದೆ. ಚೆನ್ನಾಗಿತ್ತು, ಅಷ್ಟು ಹೇಳಬಲ್ಲೆ. ಮೈಗೆ ಹಚ್ಚುವವರು ಗಾಳಿಗೆ ತೆರೆದಿಟ್ಟ ಹಳೆಯ ಬಾಟಲಿ ಬಳಸಬಾರದು, ಏಕೆಂದರೆ ಲಿನಲೂಲ್ ಗಾಳಿಯ ಆಮ್ಲಜನಕದೊಡನೆ ಕೂಡಿ ಚರ್ಮಕ್ಕೆ ಅಲರ್ಜಿ ತರುವ ವಸ್ತುವಾಗುತ್ತದೆ. ಬಾಟಲಿಯ ಮೇಲೆ ತಯಾರಾದ ತಿಂಗಳು ಇರಲಿಲ್ಲ.

ಪುದೀನಾ ತೈಲದ ಬಗ್ಗೆ ಚೀಟಿ ‘ಕಟ್ಟಿದ ಮೂಗನ್ನು ತಕ್ಷಣ ತೆರೆಯುತ್ತದೆ’ ಎಂದು ಹೇಳುತ್ತದೆ. ತೆರೆದಂತೆ ಅನಿಸುತ್ತದೆ ಎಂದು ಬರೆಯಬೇಕಿತ್ತು. ಮೆಂಥಾಲ್ ಹೋಗಿ ಮುಟ್ಟುವುದು ತಣ್ಣಗಿನ ಗಾಳಿಯನ್ನು ಗುರುತಿಸುವ ನರದ ತುದಿಯನ್ನು; 2002ರಲ್ಲಿ ಗುರುತಿಸಿದ ಆ ಗ್ರಾಹಕದ ಹೆಸರು ಟಿಆರ್‌ಪಿಎಂ8, ಮತ್ತು ಬಿಸಿ, ತಂಪು, ಸ್ಪರ್ಶದ ಗ್ರಾಹಕಗಳ ಈ ಕೆಲಸಕ್ಕೇ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಸಂದದ್ದು. ಗಾಳಿ ಹೋಗುವ ದಾರಿ ಇದ್ದಷ್ಟೇ ಇರುತ್ತದೆ, ತಂಪು ಗಾಳಿ ಹರಿದಂತೆ ಮಿದುಳಿಗೆ ಸುದ್ದಿ ಹೋಗುತ್ತದೆ. ದೊಡ್ಡವರಿಗೆ ಈ ಹಾಯೆನಿಸುವಿಕೆ ಕೂಡ ಉಪಕಾರವೇ. ನೀಲಗಿರಿಯ ಸಿನಿಯೋಲ್ ಹಾಗಲ್ಲ. ಉಸಿರಿನ ಮೂಲಕ ಶ್ವಾಸಕೋಶದಿಂದ ರಕ್ತಕ್ಕೆ ಬೇಗ ಸೇರುತ್ತದೆ, ಕಫ ಸಡಿಲಿಸುವ ಗುಣವೂ ಅದಕ್ಕಿದೆ. ಆದರೆ ಯಾವ ನೀಲಗಿರಿ ಎಂದು ಬಾಟಲಿ ಹೇಳುವುದಿಲ್ಲ. ಯೂಕಲಿಪ್ಟಸ್ ಗ್ಲೋಬ್ಯುಲಸ್ ಎಂಬ ಜಾತಿಯಲ್ಲಿ ಸಿನಿಯೋಲ್ ಮುಖ್ಯ. ನಿಂಬೆಯ ವಾಸನೆ ಬರುವ ಸಿಟ್ರಿಯೊಡೋರ ಎಂಬ ಜಾತಿಯಲ್ಲಿ ಸಿಟ್ರೊನೆಲಾಲ್ ಮುಖ್ಯ, ಅದನ್ನು ಸೊಳ್ಳೆ ಓಡಿಸಲು ಬಳಸಬಹುದೇ ಹೊರತು ಕಫಕ್ಕಲ್ಲ. ಮೂಸಿ ನೋಡಿದರೆ ಇದು ಮೊದಲನೆಯದೇ ಎಂದು ನನ್ನ ಅನುಭವ ಹೇಳಿತು, ಆದರೆ ಗಿರಾಕಿ ಮೂಸಿ ತಿಳಿದುಕೊಳ್ಳಬೇಕಾಗಿರಬಾರದು.

ನಾನು ಕೆಂಪು ಪೆನ್ನಿನಿಂದ ಗೆರೆ ಎಳೆದ ಸಾಲು ಇನ್ನೊಂದಿದೆ. ‘ಮಗುವಿಗೆ ನೆಗಡಿಯಾದರೆ ನೀಲಗಿರಿ ಮತ್ತು ಪುದೀನಾ ಎರಡೆರಡು ಹನಿ ಎದೆಗೆ, ಮೂಗಿನ ಕೆಳಗೆ ಹಚ್ಚಿರಿ.’ ಎಷ್ಟು ವಯಸ್ಸಿನ ಮಗು ಎಂಬುದಿಲ್ಲ. ಕೂಸುಗಳ ಮತ್ತು ಸಣ್ಣ ಮಕ್ಕಳ ಮೂಗಿನ ಹತ್ತಿರ ಮೆಂಥಾಲ್, ಕರ್ಪೂರ, ನೀಲಗಿರಿಯ ಗಾಢ ತೈಲ ತಂದರೆ ಗಂಟಲಿನ ಧ್ವನಿಪೆಟ್ಟಿಗೆ ಒಮ್ಮೆಲೇ ಬಿಗಿದು ಉಸಿರು ನಿಲ್ಲುವ ಅಪಾಯವಿದೆ. ನೀಲಗಿರಿ ತೈಲವನ್ನು ಮಗು ಕೆಲವೇ ಮಿಲಿಲೀಟರ್ ನುಂಗಿದರೂ ಮಂಪರು ಕವಿಯುತ್ತದೆ, ಫಿಟ್ಸ್ ಬರಬಹುದು. ಕರ್ಪೂರದ್ದೂ ಇದೇ ಕಥೆ. ನಮ್ಮಲ್ಲಿ ಅಜವಾನ ಮತ್ತು ಕರ್ಪೂರವನ್ನು ಅರಿವೆಯಲ್ಲಿ ಕಟ್ಟಿ ಕೂಸಿನ ಕೊರಳಿಗೆ ಹಾಕುವ ರೂಢಿ ಇರುವ ಮನೆಗಳಿಗೆ ನಾನು ಕೌಂಟರಿನಲ್ಲಿ ನಿಂತಾಗಲೂ ಕೈಮುಗಿದು ಬೇಡ ಎಂದು ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಇಂಥ ತೈಲದ ಬಾಟಲಿಗೆ ಮಕ್ಕಳು ತೆರೆಯಲಾಗದ, ಒತ್ತಿ ತಿರುಗಿಸುವ ಮುಚ್ಚಳ ಇರಬೇಕಿತ್ತು. ಆರು ಬಾಟಲಿಗಳಲ್ಲಿ ಒಂದಕ್ಕೂ ಇಲ್ಲ.

‘ಹೊಟ್ಟೆಯುಬ್ಬರಕ್ಕೆ ಒಂದು ಹನಿ ಪುದೀನಾ ನೀರಿಗೆ ಹಾಕಿ ಕುಡಿಯಿರಿ’ ಎಂಬುದೂ ಚೀಟಿಯಲ್ಲಿದೆ. ತೈಲ ನೀರಿನಲ್ಲಿ ಕರಗುವುದಿಲ್ಲ, ತೇಲಿ ಬಂದು ತುಟಿ, ಗಂಟಲಿಗೆ ಹಾಗೆಯೇ ತಾಗಿ ಉರಿಸುತ್ತದೆ. ಕರುಳಿನ ನೋವಿಗೆ ವೈದ್ಯರು ಕೊಡುವ ಪುದೀನಾ ತೈಲದ ಕ್ಯಾಪ್ಸೂಲಿನ ಮೇಲೆ ಜಠರದಲ್ಲಿ ಒಡೆಯದ ಹೊದಿಕೆ ಇರುತ್ತದೆ.

ಹನಿಗಳ ಮಾತು ಬಂದದ್ದರಿಂದ ನಾನು ಮಾಡಿದ ಒಂದು ಸಣ್ಣ ಕೆಲಸ ಹೇಳಬೇಕು. ಸೂಜಿ ತೆಗೆದ ಒಂದು ಮಿಲಿಲೀಟರಿನ ಸಿರಿಂಜಿನಲ್ಲಿ ಪ್ರತಿ ಬಾಟಲಿಯ ಹನಿಗಳನ್ನು ಎಣಿಸಿದೆ. ಲ್ಯಾವೆಂಡರ್ 27 ಹನಿಗೆ ಒಂದು ಮಿಲಿಲೀಟರ್ ತುಂಬಿತು, ಲವಂಗ 23ಕ್ಕೆ, ಶ್ರೀಗಂಧ ಎಂದು ಬರೆದದ್ದು 19ಕ್ಕೆ. ‘ಹತ್ತು ಹನಿ’ ಎಂದು ಚೀಟಿ ಎಲ್ಲದಕ್ಕೂ ಒಂದೇ ಅಳತೆ ಕೊಟ್ಟರೂ ಕೈಗೆ ಬೀಳುವುದು ಒಂದೇ ಅಲ್ಲ. ಸಾಮಾನ್ಯವಾಗಿ 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ಶೇಕಡಾ 2ರ ಮಿಶ್ರಣಕ್ಕೆ 30 ಮಿಲಿಲೀಟರ್ ಕೊಬ್ಬರಿ ಅಥವಾ ಕುಸುಬಿ ಎಣ್ಣೆಗೆ 12 ಹನಿ ಸಾಕು. ದೊಡ್ಡವರ ಮೈಗೆ ಹಚ್ಚಲು ಲ್ಯಾವೆಂಡರಿನಂಥ ತೈಲಕ್ಕೆ ಅದಕ್ಕಿಂತ ಗಾಢ ಬೇಕಿಲ್ಲ. ಬೇರೆ ಎಣ್ಣೆಯಲ್ಲಿ ಬೆರೆಸಬೇಕು ಎಂಬ ಮಾತೇ ಈ ಚೀಟಿಯ ನಾಲ್ಕು ಮಡಿಕೆಗಳಲ್ಲಿ ಎಲ್ಲಿಯೂ ಇಲ್ಲ.

ಶ್ರೀಗಂಧದ ಬಾಟಲಿಯ ಬಗ್ಗೆ ನನಗೆ ಬೆಲೆ ನೋಡಿದಾಗಲೇ ಸಂಶಯ ಬಂದಿತ್ತು. ನಿಜವಾದ ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿಯನ್ನು ಎಂದೋ ದಾಟಿದೆ. ಆ ಲೆಕ್ಕದಲ್ಲಿ ಹತ್ತು ಮಿಲಿಲೀಟರಿಗೇ ಸಾವಿರದ ಹತ್ತಿರ ಬರಬೇಕು. ಇಲ್ಲಿ ಆರೂ ಬಾಟಲಿ ಸೇರಿ 850. ಬಿಳಿಯ ಕಾಗದದ ಮೇಲೆ ಆರೂ ತೈಲಗಳ ಒಂದೊಂದು ಹನಿ ಬಿಟ್ಟು ಪಕ್ಕದಲ್ಲಿ ಹೆಸರು ಬರೆದು ಪಡಸಾಲೆಯ ಗೂಡಿನಲ್ಲಿಟ್ಟೆ. ಪುದೀನಾ ಮತ್ತು ನೀಲಗಿರಿಯ ಗುರುತು ಸಂಜೆಯೊಳಗೆ ಹೋಯಿತು, ಲ್ಯಾವೆಂಡರ್ ಮರುದಿನ ಬೆಳಿಗ್ಗೆ ಇರಲಿಲ್ಲ, ಲವಂಗ ಮಾಸಲು ಉಂಗುರವೊಂದನ್ನು ಉಳಿಸಿತು. ಶ್ರೀಗಂಧ ನಿಧಾನವಾಗಿ ಆರುವ ಎಣ್ಣೆ, ಆದ್ದರಿಂದ ಅದಕ್ಕೆ ಎರಡು ವಾರ ಕೊಟ್ಟೆ. ಎರಡು ವಾರದ ಮೇಲೂ ಆ ಜಾಗ ಮಿರ್ಚಿ ಭಜಿ ಕಟ್ಟಿದ ಕಾಗದದಂತೆ ಪಾರದರ್ಶಕವಾಗಿತ್ತು, ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತಿತ್ತು, ಮೂಸಿದರೆ ವಾಸನೆ ಮಾತ್ರ ಎಂದೋ ಹೋಗಿತ್ತು. ಶ್ರೀಗಂಧದಲ್ಲಿ ಕೊನೆಯವರೆಗೆ ಉಳಿಯುವುದೇ ಅದರ ವಾಸನೆ. ಕಾಗದದ ಪರೀಕ್ಷೆ ಎಲ್ಲ ಕಲಬೆರಕೆಯನ್ನೂ ಹಿಡಿಯುವುದಿಲ್ಲ. ಹಾರಿಹೋಗುವ ಕೃತಕ ಲಿನಲೂಲ್ ಬೆರೆಸಿದ್ದರೆ ಲ್ಯಾವೆಂಡರ್ ಇಲ್ಲಿ ಪಾಸಾಗುತ್ತದೆ, ಅದನ್ನು ತಿಳಿಯಲು ಪ್ರಯೋಗಾಲಯವೇ ಬೇಕು. ಆದರೆ ಅಗ್ಗದ ಎಣ್ಣೆಯ ಮೇಲೆ ಸುವಾಸನೆ ಹಾಕಿ ಶ್ರೀಗಂಧ ಎಂದು ಮಾರಿದ್ದು ಗೊತ್ತಾಗಲು ಒಂದು ಹಾಳೆ ಸಾಕಾಯಿತು.

ಲವಂಗದ ಬಾಟಲಿ ಈ ಪೆಟ್ಟಿಗೆಯಲ್ಲಿ ನನಗೆ ಮೆಚ್ಚುಗೆಯಾದದ್ದು. ಯೂಜಿನಾಲ್ ನರದ ತುದಿಯನ್ನು ಮರಗಟ್ಟಿಸುತ್ತದೆ, ಹಲ್ಲಿನ ವೈದ್ಯರು ಇಂದಿಗೂ ಅದನ್ನು ಸತುವಿನ ಆಕ್ಸೈಡ್ ಪುಡಿಯೊಡನೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬಲು ಬಳಸುತ್ತಾರೆ. ಹತ್ತಿಗೆ ಹಚ್ಚಿ ಹುಳುಕು ಹಲ್ಲಿಗೆ ತಾಗಿಸಿದರೆ ನೋವು ಕೆಲವು ತಾಸು ತಡೆಯುತ್ತದೆ. ಒಸಡಿಗೆ ಹಾಗೆಯೇ ಹಚ್ಚಿದರೆ ಸುಡುತ್ತದೆ, ಮಕ್ಕಳು ನುಂಗಿದರೆ ಯಕೃತ್ತಿಗೆ ಪೆಟ್ಟು. ವಾಸನೆ ಗಟ್ಟಿಯಾಗಿತ್ತು, ಕಲಬೆರಕೆ ಅನಿಸಲಿಲ್ಲ.

ಶ್ರಾವಣದ ಒಂದು ಮಂಗಳವಾರ ಪೆಟ್ಟಿಗೆ ಮತ್ತು ಆ ಹಾಳೆ ಎರಡನ್ನೂ ಹಿಡಿದುಕೊಂಡು ಅಂಗಡಿಗೆ ಹೋದೆ. ಕುಳಿತಿದ್ದ ಹುಡುಗ ಸೌಜನ್ಯದಿಂದ ಮಾತಾಡಿದ, ಅದನ್ನು ಹೇಳಲೇಬೇಕು. ಶ್ರೀಗಂಧದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಕಂಪನಿಯವ್ರು ಪ್ಯಾಕ್ ಮಾಡಿ ಕಳಸ್ತಾರ್ರಿ, ನಮಗ ಗೊತ್ತಾಗೂದಿಲ್ಲ’ ಎಂದ. ಒಡೆದ ಪೆಟ್ಟಿಗೆಯನ್ನು ತಿರುಗಿ ತೆಗೆದುಕೊಳ್ಳಲಿಲ್ಲ. ನಾನು ಅಣ್ಣನ ರಕ್ತಪರೀಕ್ಷೆಯ ಚೀಟಿ ತೋರಿಸಿ, ವಿಂಟರ್‌ಗ್ರೀನ್ ಕೇಳುವವರಿಗೆ ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ಒಂದು ಮಾತು ಕೇಳಿ ಕೊಡಪ್ಪ ಎಂದೆ. ಅವನು ಸುಮ್ಮನೆ ಕೇಳಿಸಿಕೊಂಡು, ಒಂದು ರಟ್ಟು ಮತ್ತು ಪೆನ್ನು ಮುಂದಿಟ್ಟು, ‘ನೀವ ಬರದ ಕೊಡ್ರಿ, ಹಚ್ತೀನಿ. ಮರಾಠಿಯೊಳಗೂ ಬರೀರಿ’ ಎಂದ. ಎರಡೂ ಭಾಷೆಯಲ್ಲಿ ಬರೆದುಕೊಟ್ಟೆ. ಮರಾಠಿಯ ಸಾಲನ್ನು ಅಲ್ಲಿಯೇ ನಿಂತಿದ್ದ ಗಿರಾಕಿಯೊಬ್ಬರು ತಿದ್ದಿದರು. ಸಣ್ಣ ಮಕ್ಕಳಿಗೆ ನೀಲಗಿರಿ, ಪುದೀನಾ, ಕರ್ಪೂರ ಹಚ್ಚಬಾರದು ಎಂಬುದನ್ನೂ ಸೇರಿಸಿದೆ.

ಈ ಊರಿನ ನೆಹರು ನಗರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪಾರಂಪರಿಕ ವೈದ್ಯಕೀಯ ಸಂಸ್ಥೆಯೇ ಇದೆ. ಗಿಡಮೂಲಿಕೆಯ ಗುಣವನ್ನು ಅಳೆದು ನೋಡುವ ಕೆಲಸ ನಡೆಯುವ ಊರಿನ ಪೇಟೆಯಲ್ಲಿ ಅಳತೆಯಿಲ್ಲದ ಚೀಟಿ ಮಾರಾಟವಾಗುವುದು ನನಗೆ ನೋವಿನ ಸಂಗತಿ.

ಆದ್ದರಿಂದ ಪೆಟ್ಟಿಗೆಯನ್ನು ಯಾರೂ ಕೊಳ್ಳಬೇಡಿರಿ ಎಂದೇ ಹೇಳುತ್ತೇನೆ. ಬೇಕಾದವರು ಲವಂಗದ ತೈಲ ಅಥವಾ ದೊಡ್ಡವರ ಹಬೆಗೆ ನೀಲಗಿರಿಯನ್ನು ಬಿಡಿಯಾಗಿ, ಗಿಡದ ಪೂರ್ತಿ ಹೆಸರು ಮತ್ತು ತಯಾರಾದ ತಿಂಗಳು ಇರುವ ಬಾಟಲಿಯಲ್ಲಿ ತೆಗೆದುಕೊಳ್ಳಿರಿ. ಬಿಡಿ ತೈಲಕ್ಕೆ ಇದೇ ಅಂಗಡಿಗೆ ನಾನು ಮತ್ತೆ ಹೋಗುತ್ತೇನೆ. ಕಳೆದ ವಾರ ಆ ದಾರಿಯಲ್ಲಿ ಹೋದಾಗ ನೋಡಿದೆ, ರಟ್ಟು ಗಾಜಿನ ಕಪಾಟಿಗೆ ಅಂಟಿಕೊಂಡೇ ಇತ್ತು. ಅದರ ಕೆಳಗಿನ ಸಾಲಿನಲ್ಲಿ ಅದೇ ಆರು ಬಾಟಲಿಗಳ ಹೊಸ ಪೆಟ್ಟಿಗೆಗಳಿದ್ದವು. ಒಂದನ್ನು ತೆಗೆಸಿ ಚೀಟಿ ಬಿಡಿಸಿ ಓದಿದೆ. ಮಗುವಿನ ಮೂಗಿನ ಸಾಲೂ ಬಿಸಿ ಬಟ್ಟೆಯ ಸಾಲೂ ಹಾಗೆಯೇ ಇದ್ದವು.